ಮುಕ್ತ ತಂತ್ರಾಂಶಕ್ಕೆ ಕೊಡುಗೆ: ಸೌಕಾರ್‌ಪೇಟೆಯ ನೆಲೆಯಿಂದ ಒಂದು ಸಮೀಕ್ಷೆ

ಪ್ರೋಗ್ರಾಮರ್ ಬರೆದ ಮೂಲಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಲು, ತಿದ್ದಲು ಮತ್ತು ತಿದ್ದಿದ ರೂಪವನ್ನು ಇತರರಿಗೆ ಹಂಚಲು ಅನುಮತಿಸುವ ತಂತ್ರಾಂಶವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಇಂದು ಕನ್ನಡಿಗರು ಬಳಸುವ ಮೊಬೈಲ್ ಫೋನು, ಬ್ರೌಸರು, ವಿಶ್ವಕೋಶ, ನಕ್ಷೆ ಇವುಗಳಲ್ಲಿ ಹೆಚ್ಚಿನವು ಇಂಥ ತಂತ್ರಾಂಶದ ಮೇಲೆ ನಿಂತಿದ್ದರೂ, ಅದರ ನಿರ್ಮಾಣದಲ್ಲಿ ಪಾಲುಗೊಳ್ಳುವುದು ಹೇಗೆ ಎಂಬ ಪ್ರಶ್ನೆ ಎದುರಾದಾಗ ಬಹುಮಂದಿ ಅದು ಪ್ರೋಗ್ರಾಮಿಂಗ್ ಬಲ್ಲವರಿಗಷ್ಟೇ ಸೇರಿದ ಕೆಲಸವೆಂದು ಹಿಂದೆ ಸರಿಯುತ್ತಾರೆ. ಕಳೆದ ಎರಡು ದಶಕಗಳಲ್ಲಿ ಕನ್ನಡಕ್ಕಾಗಿ ನಡೆದ ಕೆಲಸಗಳನ್ನು ಪರಿಶೀಲಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ: ಭಾಷೆ ಬಲ್ಲವರು, ಊರು ಬಲ್ಲವರು, ನಿಘಂಟು ಕಟ್ಟಿದವರು, ತಪ್ಪನ್ನು ಕಂಡು ಸರಿಯಾಗಿ ವರದಿ ಮಾಡಿದವರು ಎಲ್ಲರೂ ಈ ಕಟ್ಟಡದಲ್ಲಿ ಪಾಲುದಾರರೇ ಆಗಿದ್ದಾರೆ, ಮತ್ತು ಇಂದಿನ ದೊಡ್ಡ ಕೊರತೆಯಿರುವುದು ಹೊಸದನ್ನು ಆರಂಭಿಸುವವರಿಗಿಂತಲೂ ಆರಂಭವಾದದ್ದನ್ನು ವರ್ಷಗಟ್ಟಲೆ ನೋಡಿಕೊಳ್ಳುವವರಲ್ಲಿ.

ಈ ಸಮೀಕ್ಷೆಯ ಉದಾಹರಣೆಗಳಿಗೆ ಚೆನ್ನೈನ ಸೌಕಾರ್‌ಪೇಟೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಜಾರ್ಜ್‌ಟೌನಿನ ಭಾಗವಾದ ಈ ಸಗಟು ವ್ಯಾಪಾರದ ಪೇಟೆಯಲ್ಲಿ ಗುಜರಾತಿ, ಮಾರ್ವಾಡಿ, ತೆಲುಗು, ತಮಿಳು ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುತ್ತಾರೆ. ಹಲವು ಭಾಷೆಗಳು ಕೂಡುವ ಇಂಥ ಜಾಗದಲ್ಲಿ ತಂತ್ರಾಂಶದ ಕುಂದುಗಳು ಬೇಗ ಕಣ್ಣಿಗೆ ಬೀಳುತ್ತವೆ, ಅವುಗಳನ್ನು ಗುರುತಿಸಬಲ್ಲ ಅರಿವೂ ಅಲ್ಲಿಯ ಜನರಲ್ಲಿಯೇ ಇರುತ್ತದೆ.

ಹಿನ್ನೆಲೆ ಮತ್ತು ಪರವಾನಗಿ

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿ, ತಂತ್ರಾಂಶವನ್ನು ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಸ್ವಾತಂತ್ರ್ಯದೊಡನೆ ಹಂಚಬೇಕೆಂಬ ಕರಾರನ್ನು ಮುಂದಿಟ್ಟಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಆರಂಭಿಸಿದರು. 1998ರಲ್ಲಿ ಇಂಥ ತಂತ್ರಾಂಶಕ್ಕೆ ‘ಓಪನ್ ಸೋರ್ಸ್’ ಎಂಬ ಹೆಸರೂ ಚಲಾವಣೆಗೆ ಬಂತು. ಎಂಐಟಿ, ಅಪಾಚೆ ಮೊದಲಾದ ಪರವಾನಗಿಗಳು ಜಿಪಿಎಲ್‌ನ ಕರಾರನ್ನು ಹೇರದೆ, ಮೂಲ ಕರ್ತೃವಿನ ಹೆಸರನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕೆನ್ನುತ್ತವೆ. ಕೊಡುಗೆ ನೀಡುವವರು ಮೊದಲು ಓದಬೇಕಾದದ್ದು ಈ ಪರವಾನಗಿಯನ್ನೇ, ಏಕೆಂದರೆ ಅವರ ಶ್ರಮ ಮುಂದೆ ಯಾವ ಷರತ್ತಿನಲ್ಲಿ ಯಾರ ಕೈ ಸೇರುತ್ತದೆಂಬುದನ್ನು ಅದು ನಿರ್ಧರಿಸುತ್ತದೆ.

ಚೆನ್ನೈಗೆ ಈ ಚರಿತ್ರೆಯಲ್ಲಿ ತನ್ನದೇ ಸ್ಥಾನವಿದೆ. ಕೇಂದ್ರ ಸರ್ಕಾರದ ನೆರವಿನಿಂದ 2005ರಲ್ಲಿ ಚೆನ್ನೈನ ಸಿ-ಡ್ಯಾಕ್ ಮತ್ತು ಅಣ್ಣಾ ವಿಶ್ವವಿದ್ಯಾನಿಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರಗಳ ಆಶ್ರಯದಲ್ಲಿ ಮುಕ್ತ ತಂತ್ರಾಂಶಕ್ಕಾಗಿ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡು 2007ರಲ್ಲಿ ಬಿಡುಗಡೆಯಾದ ಬಾಸ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಜಗತ್ತಿನಾದ್ಯಂತದ ಸ್ವಯಂಸೇವಕರು ಕಟ್ಟಿದ ಡೆಬಿಯನ್ ವ್ಯವಸ್ಥೆಯನ್ನು ಆಧರಿಸಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಜಾಗ ಕೊಟ್ಟಿತು. ಯಾರೋ ಬೇರೆ ದೇಶದಲ್ಲಿ ಬರೆದದ್ದನ್ನು ಇಲ್ಲಿಯವರು ತಮ್ಮ ಭಾಷೆಗೆ ಒಗ್ಗಿಸಿಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ ಎಂಬುದೇ ಮುಕ್ತ ಪರವಾನಗಿಯ ನಿಜವಾದ ಬೆಲೆ.

ದೋಷವನ್ನು ವರದಿ ಮಾಡುವುದು

ಕೊಡುಗೆಯ ಮೊದಲ ಮೆಟ್ಟಿಲು ದೋಷವರದಿ. ಬಗ್ ಎಂದು ಕರೆಯುವ ದೋಷವನ್ನು ಕಂಡವರು ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಅದು ದೂರಾಗುತ್ತದೆಯೇ ಹೊರತು ವರದಿಯಾಗುವುದಿಲ್ಲ. ವರದಿ ಹೇಗಿರಬೇಕೆಂಬುದನ್ನು ಸೌಕಾರ್‌ಪೇಟೆಯ ಹೆಸರಿನ ಬರವಣಿಗೆಯಿಂದಲೇ ತಿಳಿಯಬಹುದು.

ಈ ಹೆಸರಿನಲ್ಲಿ ‘ರ್’ ಮತ್ತು ‘ಪೇ’ ಬೇರೆಬೇರೆಯಾಗಿ ನಿಲ್ಲಬೇಕಾದರೆ ಅವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕಾಗುತ್ತದೆ. ಯೂನಿಕೋಡಿನಲ್ಲಿ ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿದ ಶಿಷ್ಟತೆ. ಆ ಚಿಹ್ನೆಯನ್ನು ಇಡದಿದ್ದರೆ ರಕಾರವು ಅರ್ಕಾವೊತ್ತಾಗಿ ‘ಸೌಕಾರ್ಪೇಟೆ’ ಎಂಬ ರೂಪ ಮೂಡುತ್ತದೆ. ಓದುಗನಿಗೆ ಎರಡೂ ಒಂದೇ ಊರು. ಆದರೆ ಅಕ್ಷರಗಳ ಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸುವ ಸರಳ ಹುಡುಕಾಟಕ್ಕೆ ಇವು ಎರಡು ಬೇರೆ ಪದಗಳು. ಒಬ್ಬರು ಒಂದು ರೂಪದಲ್ಲಿ ದಾಖಲಿಸಿದ ಹೆಸರನ್ನು ಇನ್ನೊಬ್ಬರು ಮತ್ತೊಂದು ರೂಪದಲ್ಲಿ ಹುಡುಕಿದರೆ ಫಲಿತಾಂಶ ಶೂನ್ಯವಾಗಬಹುದು.

ಇದನ್ನು ವರದಿ ಮಾಡುವವರು ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಯಾವ ಕಾರ್ಯಾಚರಣ ವ್ಯವಸ್ಥೆಯ ಮೇಲೆ, ಯಾವ ಕೀಲಿಮಣೆಯಿಂದ, ಯಾವ ಅಕ್ಷರಗಳನ್ನು ಯಾವ ಕ್ರಮದಲ್ಲಿ ಒತ್ತಿದಾಗ ಏನು ಕಾಣಿಸಿತು, ಕಾಣಬೇಕಾಗಿದ್ದದ್ದು ಏನು ಎಂಬುದನ್ನು ಬರೆದು ಪರದೆಯ ಚಿತ್ರವನ್ನು ಜೊತೆಗಿಡಬೇಕು. ದೋಷ ಎಲ್ಲಿದೆಯೆಂಬುದನ್ನು ಬೇರ್ಪಡಿಸಿ ಹೇಳಿದರೆ ಕೆಲಸ ಇನ್ನಷ್ಟು ಹಗುರವಾಗುತ್ತದೆ: ಅಕ್ಷರದ ಆಕಾರ ಕೆಟ್ಟಿದ್ದರೆ ಅದು ಫಾಂಟಿನದಾಗಿರಬಹುದು, ಒತ್ತಕ್ಷರ ಕೂಡಿಕೊಳ್ಳದಿದ್ದರೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್‌ನಂಥ ಎಂಜಿನ್ನಿನದಾಗಿರಬಹುದು, ಹುಡುಕಾಟ ಸೋತರೆ ಅನ್ವಯದ್ದು, ಅಂದರೆ ಆ್ಯಪ್‌ನದ್ದು, ಆಗಿರಬಹುದು. ಹಾರ್ಫ್‌ಬಜ್ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇರುವುದರಿಂದ ಅಲ್ಲಿ ಸರಿಯಾದ ಒಂದು ತಪ್ಪು ಎಲ್ಲೆಡೆ ಸರಿಯಾದಂತೆ. ಬೆಂಗಳೂರಿನಲ್ಲಿ ಕುಳಿತ ಪ್ರೋಗ್ರಾಮರ್‌ಗೂ ಬರ್ಲಿನ್ನಿನಲ್ಲಿರುವವರಿಗೂ ಇಂಥ ತೊಡಕು ತಾನಾಗಿ ಹೊಳೆಯುವುದಿಲ್ಲ. ಕನ್ನಡ ಓದುವ ಕಣ್ಣೇ ಅದನ್ನು ಹಿಡಿದು ಕೊಡಬೇಕು.

ನಕ್ಷೆಯ ಕೆಲಸ

2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್, ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ. 2015ರ ಡಿಸೆಂಬರಿನಲ್ಲಿ ಚೆನ್ನೈಯನ್ನು ಪ್ರವಾಹ ಮುಳುಗಿಸಿದಾಗ ಈ ನಕ್ಷೆಯ ಮೇಲೆ ಸ್ವಯಂಸೇವಕರು ಸಿದ್ಧಪಡಿಸಿದ ಪುಟದಲ್ಲಿ ನಾಗರಿಕರು ನೀರು ನಿಂತ ರಸ್ತೆಗಳನ್ನು ತಾವೇ ಗುರುತಿಸಿ ಇತರರಿಗೆ ದಾರಿ ತೋರಿದ್ದು, ಊರು ಬಲ್ಲವರ ಅರಿವು ತಂತ್ರಾಂಶದ ಮೂಲಕ ಎಷ್ಟು ಬೇಗ ಸಾರ್ವಜನಿಕ ಸ್ವತ್ತಾಗಬಲ್ಲದೆಂಬುದಕ್ಕೆ ಸಾಕ್ಷಿ.

ಮಿಂಟ್ ಸ್ಟ್ರೀಟ್, ಗೋವಿಂದಪ್ಪ ನಾಯಕ್ಕನ್ ಸ್ಟ್ರೀಟ್, ಗೋಡೌನ್ ಸ್ಟ್ರೀಟ್‌ಗಳಂಥ ಕಿಕ್ಕಿರಿದ ಬೀದಿಗಳಲ್ಲಿ ಉಪಗ್ರಹದ ಚಿತ್ರ ತೋರಿಸಲಾರದ ವಿವರಗಳೇ ಹೆಚ್ಚು: ಯಾವ ಗಲ್ಲಿಯಲ್ಲಿ ಕೈಗಾಡಿಗಷ್ಟೇ ಜಾಗವಿದೆ, ಯಾವುದು ಏಕಮುಖ ಸಂಚಾರದ್ದು, ಯಾವ ಕಟ್ಟಡದ ಮೇಲಿನ ಮಹಡಿಯಲ್ಲಿ ಯಾವ ಮಳಿಗೆಯಿದೆ. ಫೋನಿನಲ್ಲಿಯೇ ಸರಳ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಕ್ಷೆಗೆ ಸೇರಿಸುವ ಸ್ಟ್ರೀಟ್‌ಕಂಪ್ಲೀಟ್ ಎಂಬ ಮುಕ್ತ ಅನ್ವಯದಿಂದ ಈ ಕೆಲಸ ನಡೆದಾಡುತ್ತಲೇ ಆಗುತ್ತದೆ. ಆದರೆ ಎರಡು ನಿಯಮಗಳನ್ನು ಮೀರುವಂತಿಲ್ಲ. ಮೊದಲನೆಯದು, ಗೂಗಲ್ ಮ್ಯಾಪ್ಸ್ ಮುಂತಾದ ಹಕ್ಕು ಕಾಯ್ದಿರಿಸಿದ ನಕ್ಷೆಗಳಿಂದ ಹೆಸರನ್ನಾಗಲಿ ಗೆರೆಯನ್ನಾಗಲಿ ನಕಲು ಮಾಡಬಾರದು. ಎರಡನೆಯದು, ಸ್ಥಳದಲ್ಲಿ ನಿಜವಾಗಿ ಇರುವುದನ್ನೇ ದಾಖಲಿಸಬೇಕು. ಪ್ರತಿ ಸ್ಥಳಕ್ಕೂ ಬೇರೆಬೇರೆ ಭಾಷೆಗಳ ಹೆಸರನ್ನು ಪ್ರತ್ಯೇಕವಾಗಿ ಬರೆಯುವ ಅನುಕೂಲ ಇಲ್ಲಿದ್ದರೂ, ಯಾರೂ ಬಳಸದ ಹೆಸರನ್ನು ಲಿಪ್ಯಂತರದ ಯಂತ್ರದಿಂದ ಉತ್ಪಾದಿಸಿ ಸಾವಿರಗಟ್ಟಲೆ ತುಂಬುವುದನ್ನು ಆ ಸಮುದಾಯ ಒಪ್ಪುವುದಿಲ್ಲ. ಕನ್ನಡದಲ್ಲಿ ನಿಜವಾಗಿ ಬಳಕೆಯಲ್ಲಿರುವ ‘ಸೌಕಾರ್‌ಪೇಟೆ’ ಎಂಬ ಹೆಸರನ್ನು ಸೇರಿಸುವುದು ಕೊಡುಗೆ. ಪ್ರತಿ ಗಲ್ಲಿಗೂ ಕನ್ನಡ ಅಕ್ಷರ ಹಚ್ಚುವುದು ಹೊರೆ.

ಅನುವಾದ ಮತ್ತು ಅದರ ಪರಿಶೀಲನೆ

ತಂತ್ರಾಂಶದ ಮೆನು, ಗುಂಡಿ, ಎಚ್ಚರಿಕೆಗಳನ್ನು ತಮ್ಮ ಭಾಷೆಗೆ ತರುವುದನ್ನು ಸ್ಥಳೀಕರಣ ಎನ್ನುತ್ತಾರೆ. ಫೈರ್‌ಫಾಕ್ಸಿನ ಅನುವಾದ ಪಾಂಟೂನ್ ಎಂಬ ವೇದಿಕೆಯಲ್ಲಿ, ಲಿಬ್ರೆಆಫೀಸಿನದು ವೆಬ್ಲೇಟಿನಲ್ಲಿ, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯದು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನಡೆಯುತ್ತದೆ. ಇಲ್ಲೆಲ್ಲ ಖಾತೆ ತೆರೆದು ಸಾಲುಗಳನ್ನು ಒಂದೊಂದಾಗಿ ಅನುವಾದಿಸಬಹುದು, ಪ್ರೋಗ್ರಾಮಿಂಗಿನ ಅಗತ್ಯವಿಲ್ಲ.

ಹಾಗೆಂದು ಇದು ಸುಲಭದ ಕೆಲಸವೇನೂ ಅಲ್ಲ. ಕಡತದ ಹೆಸರು ಬರುವ ಜಾಗದಲ್ಲಿ ಒಂದು ಸ್ಥಾನಸೂಚಿಯನ್ನಿಟ್ಟು, ‘ಇಂಥದ್ದನ್ನು ಅಳಿಸು’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತರಬೇಕಾಗಿದೆ ಎನ್ನೋಣ. ಇಂಗ್ಲಿಷಿನಲ್ಲಿ ಹೆಸರು ಯಾವುದೇ ಇದ್ದರೂ ಅದರ ರೂಪ ಬದಲಾಗುವುದಿಲ್ಲ. ಕನ್ನಡದಲ್ಲಿ ದ್ವಿತೀಯಾ ವಿಭಕ್ತಿಯ ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡು ‘ಪುಸ್ತಕವನ್ನು’, ‘ಅಂಗಡಿಯನ್ನು’, ‘ಊರನ್ನು’ ಎಂದು ಸಂಧಿಯಾಗುತ್ತದೆ. ಅನುವಾದಕರು ಸ್ಥಾನಸೂಚಿಯ ಪಕ್ಕದಲ್ಲಿ ‘ಅನ್ನು’ ಎಂದು ಬರೆದುಬಿಟ್ಟರೆ ಪರದೆಯ ಮೇಲೆ ‘ಪುಸ್ತಕ ಅನ್ನು ಅಳಿಸು’ ಎಂಬ ಮುರುಕು ವಾಕ್ಯ ಮೂಡುತ್ತದೆ. ಅನುಭವಸ್ಥ ಅನುವಾದಕರು ಇದನ್ನು ‘“ಪುಸ್ತಕ” ಎಂಬ ಕಡತವನ್ನು ಅಳಿಸು’ ಎಂದು ತಿರುಗಿಸುತ್ತಾರೆ. ಪ್ರತ್ಯಯವು ಬದಲಾಗದ ‘ಕಡತ’ ಎಂಬ ಪದಕ್ಕೆ ಸೇರಿಕೊಳ್ಳುವುದರಿಂದ ಹೆಸರು ಯಾವುದಿದ್ದರೂ ವಾಕ್ಯ ಕೆಡುವುದಿಲ್ಲ. ಏಕವಚನ ಬಹುವಚನಗಳಿಗೂ ಹೀಗೆಯೇ ನಿಯಮಗಳಿವೆ. ಯೂನಿಕೋಡ್ ಸಂಸ್ಥೆ ನಿರ್ವಹಿಸುವ ಸಿಎಲ್‌ಡಿಆರ್ ಎಂಬ ಭಾಷಾ ದತ್ತಸಂಗ್ರಹದಲ್ಲಿ ಕನ್ನಡಕ್ಕೆ ಸೊನ್ನೆಯೂ ಒಂದೂ ಏಕವಚನದ ಗುಂಪಿಗೆ ಸೇರುತ್ತವೆ. ತಿಂಗಳ ಹೆಸರು, ದಿನಾಂಕದ ಕ್ರಮ, ಭಾಷೆಗಳ ಹೆಸರು ಇವೆಲ್ಲ ಫೋನುಗಳಿಗೆ ತಲುಪುವುದು ಈ ಸಂಗ್ರಹದಿಂದಲೇ ಆದ್ದರಿಂದ ಅಲ್ಲಿಯ ಒಂದು ತಿದ್ದುಪಡಿಯ ಫಲ ಕೋಟ್ಯಂತರ ಪರದೆಗಳಲ್ಲಿ ಕಾಣುತ್ತದೆ.

ಅನುವಾದದಷ್ಟೇ ಅಗತ್ಯವಾದದ್ದು ಪರಿಶೀಲನೆ. ಹಲವು ಮುಕ್ತ ಯೋಜನೆಗಳಲ್ಲಿ ಒಬ್ಬರು ಸೂಚಿಸಿದ ಸಾಲನ್ನು ಮತ್ತೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಬಳಕೆದಾರರನ್ನು ತಲುಪುತ್ತದೆ. ಸೂಚಿಸುವವರು ಇದ್ದು ಒಪ್ಪುವವರು ಇಲ್ಲವಾದರೆ ಅನುವಾದಗಳು ಸಾಲುಗಟ್ಟಿ ನಿಲ್ಲುತ್ತವೆ, ಹೊಸಬರು ತಮ್ಮ ಶ್ರಮ ಎಲ್ಲಿ ಹೋಯಿತೆಂದು ತಿಳಿಯದೆ ಬಿಟ್ಟುಹೋಗುತ್ತಾರೆ. ಒಂದೇ ಪರಿಕಲ್ಪನೆಗೆ ಒಂದು ಅನ್ವಯದಲ್ಲಿ ‘ಕಡತ’, ಇನ್ನೊಂದರಲ್ಲಿ ‘ಫೈಲು’ ಎಂದು ಬರುವ ಗೊಂದಲವೂ ಪರಿಶೀಲಕರ ಕೊರತೆಯ ಫಲವೇ. ಹೊಸದಾಗಿ ಸೇರುವವರು ನೂರು ಸಾಲು ಅನುವಾದಿಸುವ ಮೊದಲು ಈಗಾಗಲೇ ಇರುವ ನೂರು ಸಾಲುಗಳನ್ನು ಓದಿ, ಆ ತಂಡ ಒಪ್ಪಿಕೊಂಡ ಪದಗಳನ್ನು ಅರಿತುಕೊಳ್ಳುವುದು ಎಲ್ಲರಿಗೂ ಹಿತ.

ಪದಕೋಶ, ಅಕ್ಷರಶೈಲಿ, ಕೀಲಿಮಣೆ

ಪ್ರೋಗ್ರಾಮಿಂಗಿನ ಆಚೆಗಿನ ಕೊಡುಗೆಗೆ ಕನ್ನಡದಲ್ಲಿ ಇರುವ ಅತ್ಯುತ್ತಮ ಉದಾಹರಣೆ ‘ಅಲರ್’. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಮುಕ್ತ ದತ್ತಾಂಶ ಪರವಾನಗಿಯಡಿ ಸಾರ್ವಜನಿಕಗೊಳಿಸಲಾಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಕನ್ನಡ ನಮೂದುಗಳುಳ್ಳ ಆ ಸಂಗ್ರಹವನ್ನು ಅಂತರಜಾಲಕ್ಕೆ ಒಗ್ಗಿಸಿದವರು ಕೈಲಾಶ್ ನಾಧ್. ಕನ್ನಡ ಪದಗಳನ್ನು ಉಚ್ಚಾರಣೆಯ ಸಾಮ್ಯದಿಂದ ಹುಡುಕುವ ಮುಕ್ತ ತಂತ್ರಾಂಶವೂ ಅದರ ಜೊತೆಗೆ ಬಂತು. ಭಾಷೆ ಬಲ್ಲವರ ಪರಿಶ್ರಮ ಮತ್ತು ತಂತ್ರ ಬಲ್ಲವರ ಕೈಚಳಕ ಒಂದಾದರೆ ಏನಾಗಬಹುದೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ, ಮತ್ತು ಈ ಎರಡರಲ್ಲಿ ಮೊದಲನೆಯದಿಲ್ಲದೆ ಎರಡನೆಯದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಮದರಾಸಿಗೂ ಕನ್ನಡ ನಿಘಂಟಿಗೂ ಹಳೆಯ ನಂಟಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸ್ ವಿಶ್ವವಿದ್ಯಾನಿಲಯ ಅದನ್ನು 1968ರಿಂದ ಸಂಪುಟಗಳಾಗಿ ಪ್ರಕಟಿಸಿತು. ಪರವಾನಗಿಯ ವಿವೇಕ ಏಕೆ ಬೇಕೆಂಬುದನ್ನು ಈ ಎರಡು ಗ್ರಂಥಗಳು ಒಟ್ಟಿಗೆ ತಿಳಿಸುತ್ತವೆ. ಭಾರತದ ಕಾನೂನಿನಲ್ಲಿ ಕರ್ತೃವಿನ ನಿಧನದ ನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದರಿಂದ ಅವರ ಮೂಲ ನಿಘಂಟನ್ನು ಯಾರು ಬೇಕಾದರೂ ಗಣಕೀಕರಿಸಬಹುದು, ಆದರೆ ಪರಿಷ್ಕೃತ ಆವೃತ್ತಿಯಲ್ಲಿ ಸೇರಿದ ಹೊಸ ವಿಷಯವನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಮುಕ್ತ ಸಂಗ್ರಹಕ್ಕೆ ಸೇರಿಸುವಂತಿಲ್ಲ. ವಿಶ್ವವಿದ್ಯಾನಿಲಯಗಳು ತಮ್ಮ ಹಳೆಯ ಪ್ರಕಟಣೆಗಳನ್ನು ತಾವೇ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡುವುದು ಯಾವ ಪ್ರೋಗ್ರಾಮರ್‌ನಿಂದಲೂ ಆಗದ ದೊಡ್ಡ ಕೊಡುಗೆಯಾದೀತು.

ಅಕ್ಷರಶೈಲಿಗಳ ಕ್ಷೇತ್ರದಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೊ, ಬಲೂ ತಮ್ಮ ಮೊದಲಾದ ಮುಕ್ತ ಫಾಂಟುಗಳು ಲಭ್ಯವಿದ್ದು, ಅಪರೂಪದ ಒತ್ತಕ್ಷರಗಳನ್ನೂ ಹಳಗನ್ನಡದ ಱ, ೞ ಅಕ್ಷರಗಳನ್ನೂ ಅವುಗಳಲ್ಲಿ ಪರೀಕ್ಷಿಸಿ ನೋಡುವವರ ಅಗತ್ಯ ಸದಾ ಇದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕರ್ನಾಟಕ ಸರ್ಕಾರದ ಮನ್ನಣೆ ಪಡೆದು ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಮೇಲೆ, ಲಿನಕ್ಸ್ ಬಳಸುವ ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಸಂಗ್ರಹಕ್ಕೂ ವಿಕಿಮೀಡಿಯದ ಬೆರಳಚ್ಚು ಸಾಧನಕ್ಕೂ ಸೇರಿದ್ದು ಸ್ವಯಂಸೇವಕರ ದುಡಿಮೆಯಿಂದ. ಮುದ್ರಿತ ಪುಟವನ್ನು ಪಠ್ಯವಾಗಿಸುವ ಟೆಸೆರಾಕ್ಟ್ ಕನ್ನಡವನ್ನೂ ಓದುತ್ತದೆ. ಅದು ಎಡವುವ ಪುಟಗಳನ್ನು ಮನುಷ್ಯರು ಸರಿಪಡಿಸಿದ ಪಠ್ಯದೊಡನೆ ಒದಗಿಸಿದರೆ ಮುಂದಿನ ತರಬೇತಿಗೆ ನೆರವಾಗುತ್ತದೆ. ಚೆನ್ನೈನ ಐಐಟಿ ಮದ್ರಾಸಿನಲ್ಲಿ ನೆಲೆಗೊಂಡ ಎಐ4ಭಾರತ್ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಎಂಬ ಅನುವಾದ ಮಾದರಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡಿದೆ. ಇಂಥ ಮಾದರಿಗಳ ಗುಣಮಟ್ಟ ಭಾಷೆ ಬಲ್ಲವರು ಸಿದ್ಧಪಡಿಸಿದ ದತ್ತಾಂಶದ ಗುಣಮಟ್ಟವನ್ನೇ ಅವಲಂಬಿಸಿದೆ.

ಸಂಕೇತದ ಕೊಡುಗೆ ಮತ್ತು ಅದರ ಶಿಸ್ತು

ಪ್ರೋಗ್ರಾಮಿಂಗ್ ಬಲ್ಲವರ ದಾರಿ ಇಂದು ಬಹುಮಟ್ಟಿಗೆ ಒಂದೇ ಬಗೆಯದು. 2005ರಲ್ಲಿ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ಸಾಧನ ಸಂಕೇತದ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸುತ್ತದೆ. ಯೋಜನೆಯ ಭಂಡಾರವನ್ನು ತಮ್ಮ ಖಾತೆಗೆ ನಕಲು ಮಾಡಿಕೊಂಡು, ಪ್ರತ್ಯೇಕ ಶಾಖೆಯಲ್ಲಿ ಬದಲಾವಣೆ ಮಾಡಿ, ಅದನ್ನು ಪರೀಕ್ಷಿಸಿ, ಮೂಲ ಯೋಜನೆಗೆ ಸೇರಿಸಿಕೊಳ್ಳಿರೆಂದು ಕೇಳುವ ಕೋರಿಕೆಗೆ ಪುಲ್ ರಿಕ್ವೆಸ್ಟ್ ಎಂದು ಹೆಸರು. ಅದನ್ನು ಓದಿ ತೀರ್ಮಾನಿಸುವವರು ಮೇಂಟೇನರ್‌ಗಳು, ಅಂದರೆ ಯೋಜನೆಯ ಪಾಲಕರು. ಒಂದು ಕೋರಿಕೆಯಲ್ಲಿ ಒಂದೇ ಬದಲಾವಣೆಯಿರಬೇಕು, ಅದರ ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು, ಯೋಜನೆಯ ಶೈಲಿ ಮತ್ತು ನಿಯಮಗಳನ್ನು ಮೊದಲೇ ಓದಿರಬೇಕು, ದೊಡ್ಡ ಬದಲಾವಣೆಯಾದರೆ ಬರೆಯುವ ಮೊದಲೇ ಪಾಲಕರೊಡನೆ ಚರ್ಚಿಸಬೇಕು. ಟೀಕೆ ಬಂದಾಗ ಅದು ತಮ್ಮ ಸಂಕೇತದ ಬಗ್ಗೆ ಎಂದು ತಿಳಿದು ತಿದ್ದಿ ಮತ್ತೆ ಕಳಿಸುವ ತಾಳ್ಮೆ ಇದ್ದವರೇ ಈ ಕ್ಷೇತ್ರದಲ್ಲಿ ಬೇರೂರುತ್ತಾರೆ.

ಶಿಸ್ತಿಲ್ಲದ ಉತ್ಸಾಹ ಹಾನಿ ಮಾಡಿದ್ದೂ ಉಂಟು. 2014ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಗೊತ್ತುಪಡಿಸಿದಷ್ಟು ಕೋರಿಕೆ ಕಳಿಸಿದವರಿಗೆ ಟೀ ಶರ್ಟು ಸಿಗುತ್ತಿತ್ತು. 2020ರಲ್ಲಿ ಆ ಬಹುಮಾನಕ್ಕಾಗಿ ಪರಿಚಯ ಕಡತದಲ್ಲಿ ಒಂದೆರಡು ಪದ ಸೇರಿಸಿದ ಅರ್ಥಹೀನ ಕೋರಿಕೆಗಳು ಯೋಜನೆಗಳ ಮೇಲೆ ಪ್ರವಾಹದಂತೆ ಬಿದ್ದು, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಭಾಗವಹಿಸುವಿಕೆಯನ್ನು ಸೀಮಿತಗೊಳಿಸುವಂತೆ ಆಯೋಜಕರು ಆ ತಿಂಗಳಲ್ಲೇ ನಿಯಮ ಬದಲಿಸಬೇಕಾಯಿತು. ನೌಕರಿಯ ಅರ್ಜಿಯಲ್ಲಿ ತೋರಿಸಲೆಂದು ಕೊಡುಗೆಗಳನ್ನು ಎಣಿಸುವ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟೇ: ಪ್ರತಿಯೊಂದು ಕೋರಿಕೆಯೂ ಸಂಬಳವಿಲ್ಲದೆ ದುಡಿಯುವ ಯಾರೋ ಒಬ್ಬರ ಸಂಜೆಯ ಹೊತ್ತನ್ನು ಕೇಳುತ್ತದೆ.

ಪಾಲನೆಯ ಪ್ರಶ್ನೆ

ಪಾಲಕರ ದಣಿವು ಜಗತ್ತಿನ ಸುರಕ್ಷತೆಯನ್ನೇ ಅಲುಗಾಡಿಸಬಲ್ಲದು. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ, ಅಂತರಜಾಲದ ಬಹುಭಾಗ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರೆಂಬುದನ್ನು ತಿಳಿಸಿತು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು: ಒಂಟಿಯಾಗಿ ಬಳಲಿದ್ದ ಪಾಲಕರಿಗೆ ನೆರವಾಗುವ ನೆಪದಲ್ಲಿ ಹುಸಿ ಹೆಸರಿನ ಕೊಡುಗೆದಾರ ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿಕೊಂಡಿದ್ದ. ಲಾಗಿನ್ ಅರೆ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ನಿಂದ ಅನಾಹುತ ತಪ್ಪಿತು. ಸಣ್ಣ ವ್ಯತ್ಯಾಸವನ್ನೂ ಕಡೆಗಣಿಸದ ಬಳಕೆದಾರ ಎಷ್ಟು ದೊಡ್ಡ ಕೊಡುಗೆ ನೀಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡದ ಮಟ್ಟಿಗೆ ನೆರೆಯ ಕೇರಳದ ಹೋಲಿಕೆ ಕಣ್ತೆರೆಸುವಂತಿದೆ. ಅಲ್ಲಿ 2000ದ ದಶಕದ ಆರಂಭದಲ್ಲಿ ಹುಟ್ಟಿದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸಮುದಾಯ ಫಾಂಟು, ಕೀಲಿಮಣೆ, ಅನುವಾದಗಳನ್ನು ಒಂದೇ ಸೂರಿನಡಿ ನಡೆಸಿ, ಹಳಬರು ಹೊಸಬರಿಗೆ ಕಲಿಸುವ ಪರಂಪರೆಯನ್ನು ಉಳಿಸಿಕೊಂಡಿತು. ಅವರ ಇಂಡಿಕ್ ಕೀಬೋರ್ಡ್ ಅನ್ವಯ ಕನ್ನಡಿಗರಿಗೂ ಒದಗಿದೆ. ಕರ್ನಾಟಕದಲ್ಲಿ 2001ರಿಂದ 2012ರವರೆಗೆ ನಡೆದ ಲಿನಕ್ಸ್ ಬೆಂಗಳೂರು, ಮುಂದೆ ಫಾಸ್.ಇನ್ ಎಂದಾದ ಸಮ್ಮೇಳನವೂ 2020ರಲ್ಲಿ ಆರಂಭವಾದ ಫಾಸ್ ಯುನೈಟೆಡ್ ಸಂಸ್ಥೆಯೂ ಬೆಂಗಳೂರನ್ನು ಮುಕ್ತ ತಂತ್ರಾಂಶದ ಕೇಂದ್ರವಾಗಿಸಿವೆ. ಆದರೆ ಬೆಂಗಳೂರಿನ ತಂತ್ರಜ್ಞಾನದ ಶಕ್ತಿ ಕನ್ನಡದ ತಂತ್ರಾಂಶಗಳ ನಿತ್ಯಪಾಲನೆಗೆ ಅದೇ ಪ್ರಮಾಣದಲ್ಲಿ ಹರಿದುಬಂದಿಲ್ಲ. ಇಲ್ಲಿಯ ಯೋಜನೆಗಳು ಹೆಚ್ಚಾಗಿ ಒಬ್ಬಿಬ್ಬರ ಹೆಗಲ ಮೇಲೆ ನಿಂತು, ಅವರ ಬಿಡುವು ಮುಗಿದಾಗ ನಿಂತುಹೋಗುತ್ತವೆ.

ಈ ಕೊರತೆಯನ್ನು ತುಂಬುವ ದಾರಿ ಕಷ್ಟದ್ದಲ್ಲ, ದೀರ್ಘವಾದದ್ದು. ಕೊಡುಗೆ ನೀಡಬಯಸುವವರು ತಾವು ದಿನವೂ ಬಳಸುವ ಒಂದೇ ತಂತ್ರಾಂಶವನ್ನು ಆರಿಸಿಕೊಂಡು, ದೋಷವರದಿಯಿಂದ ಆರಂಭಿಸಿ, ಇತರರ ವರದಿಗಳನ್ನು ತಮ್ಮ ಯಂತ್ರದಲ್ಲಿ ಪರೀಕ್ಷಿಸಿ, ಅನುವಾದವನ್ನೋ ದಾಖಲೆಯನ್ನೋ ತಿದ್ದಿ, ಕ್ರಮೇಣ ಪರಿಶೀಲಕರ ಹೊಣೆಯನ್ನು ಹೊರುವುದು ಹತ್ತು ಯೋಜನೆಗಳಲ್ಲಿ ಒಂದೊಂದು ಹೆಜ್ಜೆ ಇಟ್ಟು ಮರೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಪರಿಭಾಷೆಯ ಪರಿಶೀಲನೆಯನ್ನು ಪಠ್ಯಕ್ರಮದ ಭಾಗವಾಗಿಸಬಹುದು. ಎಂಜಿನಿಯರಿಂಗ್ ಕಾಲೇಜುಗಳು ಕೋರಿಕೆಗಳ ಎಣಿಕೆಗೆ ಬದಲಾಗಿ ಒಂದು ಯೋಜನೆಯಲ್ಲಿ ಒಂದು ವರ್ಷ ಉಳಿದವರಿಗೆ ಅಂಕ ಕೊಡಬಹುದು. ಹೊರನಾಡಿನ ಕನ್ನಡ ಸಂಘಗಳು ತಮ್ಮೂರಿನ ನಕ್ಷೆ ಮತ್ತು ಹೆಸರುಗಳ ಹೊಣೆ ಹೊರಬಹುದು. ಚೆನ್ನೈನಲ್ಲಿ ತಮಿಳನ್ನೂ ಕನ್ನಡವನ್ನೂ ಓದಬಲ್ಲವರು ಒಂದು ಭಾಷೆಯಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಟ್ಟಿರುವುದನ್ನು ತಟ್ಟನೆ ಗುರುತಿಸಬಲ್ಲರು. ಎರಡು ಲಿಪಿಗಳನ್ನು ಒಟ್ಟಿಗೆ ಪರೀಕ್ಷಿಸುವ ಅಂಥ ಸಾಮರ್ಥ್ಯ ಹೆಚ್ಚಿನ ಯೋಜನೆಗಳಿಗೆ ಹಣ ಕೊಟ್ಟರೂ ಸಿಗುವುದಿಲ್ಲ. ಮುಕ್ತ ತಂತ್ರಾಂಶ ಎಲ್ಲರಿಗೂ ಹಕ್ಕು ಕೊಟ್ಟಿದೆ. ಆ ಹಕ್ಕು ಕನ್ನಡದಲ್ಲಿ ಬಳಕೆಗೆ ಬರುವುದು, ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ಕನ್ನಡ ಬಲ್ಲವರು ಹೊತ್ತಾಗ ಮಾತ್ರ.